ನನ್ನ ಆಂಪ್ಲಿಫೈಯರಿನ ಗುಂಯ್

ಶಹಾಬಾದಿನಲ್ಲಿ ಸದ್ದು ಮಾಡಲು ಯಾರಿಗೂ ಯಾರ ಅಪ್ಪಣೆಯೂ ಬೇಕಿಲ್ಲ. ಬೆಳಗಾದರೆ ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ಯುವ ಮಷಿನ್ನು ಹಲ್ಲು ಕಡಿಯಲು ಶುರುಮಾಡುತ್ತದೆ. ವಾಡಿ ಕಡೆಯ ಗೂಡ್ಸ್ ರೈಲು ಹಾದುಹೋಗುವಾಗ ಅಡುಗೆಮನೆಯ ತಾಟುಗಳು ತಾವಾಗಿಯೇ ಮಾತಾಡುತ್ತವೆ. ಮದುವೆಯ ಡಿಜೆ ಬಂದರೆ ಎದೆಯೊಳಗಿನ ಎಲುಬುಗಳೆಲ್ಲ ಎಲ್ಲೆಲ್ಲಿವೆ ಎಂದು ಗೊತ್ತಾಗುತ್ತದೆ. ಇದಕ್ಕೆಲ್ಲ ಯಾರದೂ ತಕರಾರಿಲ್ಲ. ನನ್ನ ಗಿಟಾರಿನ ಆಂಪ್ಲಿಫೈಯರ್ ಮೂಲೆಯಲ್ಲಿ ಕೂತು ಒಂದಿಷ್ಟು ‘ಗುಂಯ್’ ಅಂದರೆ ಮಾತ್ರ ಅದು ಗದ್ದಲ! ಐವತ್ತು ದಾಟಿದ ಹೈಸ್ಕೂಲ್ ವಿಜ್ಞಾನ ಟೀಚರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎಲೆಕ್ಟ್ರಿಕ್ ಗಿಟಾರ್ ಬಾರಿಸುವುದು ತಮಗೆ ಸೇರುವುದಿಲ್ಲ ಎಂದು ನೇರವಾಗಿ ಹೇಳಲು ಯಾರಿಗೂ ಧೈರ್ಯವಿಲ್ಲ. ಆದ್ದರಿಂದ ಎಲ್ಲರೂ ಪಾಪದ ಗುಂಯ್ ಮೇಲೆ ಬೀಳುತ್ತಾರೆ. ಬೀಳಲಿ, ನಾನೂ ಹಟದವಳೇ.

ಆಂಪ್ಲಿಫೈಯರ್ ನನಗೆ ಸಿಕ್ಕಿದ್ದು ವಾಡಿಯಿಂದ ವರ್ಗವಾಗಿ ಹೋದ ಒಬ್ಬ ರೈಲ್ವೆ ನೌಕರರಿಂದ. ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವುಗಳು ಅದರೊಳಗಿವೆ. ಸ್ವಿಚ್ ಹಾಕಿದರೆ ಮೊದಲು ಕೆಂಪಗಾಗುತ್ತವೆ, ಆಮೇಲೆ ಬಿಸಿಯಾಗುತ್ತವೆ, ಆಮೇಲಷ್ಟೇ ಮಾತಿಗೆ ಬರುತ್ತವೆ. ನನ್ನ ಸ್ವಭಾವವೂ ಹೆಚ್ಚುಕಡಿಮೆ ಅದೇ ಆದ್ದರಿಂದ ನಮ್ಮಿಬ್ಬರಿಗೂ ಹೊಂದಿಕೆಯಾಯಿತು. ನನ್ನ ಯಜಮಾನರು ಮಾತ್ರ, “ಈ ಸಂದೂಕ ಯಾರಿಗಾರ ಕೊಟ್ಟು, ಈಗಿನ ಕಾಲದ್ದು ಒಂದು ಸಣ್ಣದು ತರೋಣೇನು?” ಎಂದು ವಾರಕ್ಕೊಮ್ಮೆ ಕೇಳುತ್ತಾರೆ. “ಹಳೇದಂತ ಕೊಟ್ಟುಬಿಡೂದಾದ್ರ ಮನ್ಯಾಗ ಇನ್ನೂ ಭಾಳ ಸಾಮಾನ ಅವ” ಎಂದು ಅವರ ಕಡೆ ನೋಡಿದರೆ ಮುಂದಿನ ವಾರದವರೆಗೆ ಸುಮ್ಮನಿರುತ್ತಾರೆ.

ಈ ಸಲ ವಿಷಯ ಮನೆಯ ಹೊಸ್ತಿಲು ದಾಟಿತ್ತು. ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಹತ್ತಿರ ಬಂದಿತ್ತು. ಇಷ್ಟು ವರ್ಷ ಗ್ಯಾದರಿಂಗಿನಲ್ಲಿ ನನ್ನ ಪಾಲಿಗೆ ಬಂದದ್ದು ಅತಿಥಿಗಳ ಹಾರದ ತಟ್ಟೆ ಹಿಡಿದು ನಿಲ್ಲುವ ಕೆಲಸ ಒಂದೇ. ಈ ವರ್ಷ ತಟ್ಟೆ ಹಿಡಿಯುವುದಿಲ್ಲ, ಗಿಟಾರ್ ಹಿಡಿಯುತ್ತೇನೆ ಎಂದು ಹೇಳಿಬಿಟ್ಟೆ. ನಮ್ಮ ಹೆಡ್‌ಮಾಸ್ತರರ ಮನೆ ನಮ್ಮ ಹಿತ್ತಲ ಗೋಡೆಯ ಆಚೆಯೇ ಇದೆ; ನಮ್ಮನೆಯ ಸದ್ದೆಲ್ಲ ಅವರಿಗೂ ಕೇಳುತ್ತದೆ.

“ನಿಮ್ಮ ಐಟಂ ಇಡಬೇಕಂತ ನನಗೂ ಭಾಳ ಆಸೆ ಅದರಿ, ಟೀಚರ್” ಎಂದರು ಅವರು. “ಆದ್ರ ಅದು ಗುಂಯ್ ಅಂತದಲ್ರಿ! ಮುಂದ ಕುಂತ ಮಂದಿ ತಲಿ ಹಿಡ್ಕೋತಾರ. ಐತವಾರ ಬಂದು ಕೇಳ್ತೀನಿ. ಗುಂಯ್ ಇರಲಿಲ್ಲಂದ್ರ ನಿಮ್ಮ ಐಟಂ ಪಕ್ಕಾ. ಇತ್ತಂದ್ರ ಪೆನ್‌ಡ್ರೈವ್ ಹಾಕಿ ಹುಡುಗೂರಿಗಿ ಕುಣಸೂದೇ.”

ಹೆಬ್ಬೆರಳಿನಷ್ಟು ಉದ್ದದ ಪೆನ್‌ಡ್ರೈವಿಗೆ ಸೋತು ಮತ್ತೆ ಹಾರದ ತಟ್ಟೆ ಹಿಡಿಯುವುದೇ? ಸಾಧ್ಯವೇ ಇಲ್ಲ.

ಅಂದೇ ಸಂಜೆ ತನಿಖೆಗೆ ಕೂತೆ. ಗಿಟಾರಿನ ವೈರು ಕಿತ್ತೆ. ಗುಂಯ್ ಹಾಗೇ ಇತ್ತು, ಅಂದರೆ ಗಿಟಾರ್ ನಿರಪರಾಧಿ. ವಾಲ್ವುಗಳನ್ನು ಪೆನ್ಸಿಲಿನಿಂದ ಒಂದೊಂದಾಗಿ ಮೆಲ್ಲಗೆ ತಟ್ಟಿದೆ. ಒಂದು ವಾಲ್ವು ‘ಟಿಂಗ್’ ಎಂದು ಸ್ಪೀಕರಿನಲ್ಲಿ ಕೂಗಿಕೊಂಡಿತು. ಗೂಡ್ಸ್ ಬಂದಾಗಲೆಲ್ಲ ಕೂಗುತ್ತಿದ್ದವನು ಇವನೇ. ಆಂಪ್ಲಿಫೈಯರಿನ ಜೊತೆಗೆ ಬಂದಿದ್ದ ಸ್ಪೇರ್ ವಾಲ್ವು ಹಾಕಿದ್ದಕ್ಕೆ ರೈಲಿನ ಕಾಟ ತಪ್ಪಿತು, ಗುಂಯ್ ತಪ್ಪಲಿಲ್ಲ. ಗಿಟಾರ್ ಮತ್ತೆ ಸಿಕ್ಕಿಸಿ, ಟ್ಯೂಬ್‌ಲೈಟ್ ಆರಿಸಿದೆ. ಜರ್ ಎನ್ನುತ್ತಿದ್ದ ಇನ್ನೊಂದು ಸಣ್ಣ ಸದ್ದು ಹೋಯಿತು. ಕತ್ತಲಲ್ಲಿ ರೊಟ್ಟಿ ಮುರಿಯುತ್ತಿದ್ದ ಯಜಮಾನರು, “ಇದೇನ್ ಊಟನೋ, ಗ್ರಹಣನೋ?” ಎಂದರು. ಗುಂಯ್ ಮಾತ್ರ ಆರಾಮಾಗಿ ಇತ್ತು.

ಆಗಲೇ ಗಿಟಾರಿನ ತಂತಿ ನನ್ನ ಬೆರಳಿಗೆ ಸಣ್ಣಗೆ ಜುಮ್ ಎಂದು ಕಚ್ಚಿತು. ಕಚ್ಚಿದ್ದಕ್ಕೆ ನನಗೆ ಎಷ್ಟು ಖುಷಿಯಾಯಿತೆಂದರೆ ಕತ್ತಲಲ್ಲೇ ಎದ್ದು ನಿಂತೆ. ತಟ್ಟನೆ ಪ್ಲಗ್ ಕಿತ್ತೆ. ಅರ್ಥಿಂಗ್! ನೆಲಕ್ಕೆ ಇಳಿಯಬೇಕಾದ ಕರೆಂಟು ದಾರಿ ಸಿಗದೆ ಗುಂಯ್ ಎನ್ನುತ್ತಿತ್ತು. ನೆಲದಲ್ಲಿ ಹಸಿ ಇರದಿದ್ದರೆ ಅರ್ಥಿಂಗ್ ಕೆಲಸ ಮಾಡುವುದಿಲ್ಲ ಎಂದು ನಾನೇ ಹತ್ತನೇ ಕ್ಲಾಸಿಗೆ ವರ್ಷವರ್ಷವೂ ಬರೆಸುತ್ತೇನೆ. ನಮ್ಮ ಅಂಗಳದ ತುಂಬ ಪರಸಿ ಹಾಸಿದೆ. ಅದರ ನಡುವಿನ ಅರ್ಥಿಂಗ್ ತಗ್ಗು ಮಳೆಗಾಲ ಮುಗಿದ ಮೇಲೆ ಹನಿ ನೀರು ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಆ ತಗ್ಗಿಗೆ ಉಪ್ಪು ಕದಡಿದ ನೀರು ಹೊಯ್ಯತೊಡಗಿದೆ. ಅತ್ತೆ ಬಾಗಿಲಿಗೆ ಬಂದು ನಿಂತರು. “ನಳಾ ಬರೂದೇ ಅಪರೂಪ. ಮಂದಿಗಿ ಕುಡಿಲಿಕ್ಕ ನೀರಿಲ್ಲ, ಈಕಿ ತಗ್ಗಿಗಿ ಉಪ್ಪುನೀರು ಕುಡಸ್ಲಿಕತ್ತಾಳ!”

“ನನ್ನ ಸ್ನಾನದ ಬಕೀಟ್ ಅತ್ತಿ ಇದು. ನಾ ಏನಾರ ಮಾಡ್ತೀನಿ” ಎಂದು ಪೂರ್ತಿ ಬಗ್ಗಿಸಿದೆ. ಪಕ್ಕದ ಮನೆಯ ಶಮಶಾದ್‌ಬಿ ಗೋಡೆಯ ಮೇಲಿಂದ ಇಣುಕಿ, “ಯಾವ ದೇವರ ಹರಕಿರಿ, ಟೀಚರ್?” ಎಂದು ಕೇಳಿದರು. ಕರೆಂಟಿನ ದೇವರದು ಎಂದೆ. “ಹಂಗಾದ್ರ ನಮ್ಮ ಫ್ಯಾನಿನ ಹೆಸರ್ಲೆ ಒಂದ್ ತಂಬಿಗಿ ಹಾಕ್ರಿ. ತಿರಗ್ಲಿಕ್ಕೇ ಒಲ್ಲದು.” ಹಾಕಿದೆ. ಶನಿವಾರದವರೆಗೂ ಮೈಗೆ ಅರ್ಧ ಬಕೀಟು, ತಗ್ಗಿಗೆ ಒಂದೂವರೆ.

ಐತವಾರ ಹೆಡ್‌ಮಾಸ್ತರರು ಬಂದರು. ಆಂಪ್ಲಿಫೈಯರಿಗೆ ಕಿವಿ ಹಚ್ಚಿ ಬಹಳ ಹೊತ್ತು ಬಗ್ಗಿ ನಿಂತರು.

“ಚಾಲೂ ಆಗ್ಯಾದೇನ್ರಿ?”

“ಆಗ್ಯಾದ್ರಿ ಸರ್.”

“ಖರೇನಾ?”

ಹಿಂದೆ ಹೋಗಿ ಕೆಂಪಗೆ ಉರಿಯುತ್ತಿದ್ದ ವಾಲ್ವುಗಳನ್ನು ನೋಡಿ ಅವರ ಮುಖ ಬಾಡಿತು. ಮನೆಯೆಲ್ಲ ನಿಶ್ಶಬ್ದ. ನಾನು ಗೆದ್ದಿದ್ದೆ! ಆ ಹುರುಪಿನಲ್ಲಿ ಗಿಟಾರ್ ಎತ್ತಿಕೊಂಡು ಗ್ಯಾದರಿಂಗಿನ ಐಟಮನ್ನು ಮೊದಲಿನಿಂದ ಕೊನೆಯವರೆಗೆ ಬಾರಿಸಿದೆ.

ಮೆಂತ್ಯ ಸೊಪ್ಪು ಸೋಸುತ್ತಿದ್ದ ಅತ್ತೆಯ ಕೈ ನಿಂತಿತ್ತು. ಯಜಮಾನರು ಫ್ಯಾನ್ ನೋಡುತ್ತಿದ್ದರು. ಹೆಡ್‌ಮಾಸ್ತರರು ಚಹಾ ಮುಗಿಸಿ ಕಪ್ಪನ್ನು ಕೆಳಗಿಟ್ಟರು.

“ಟೀಚರ್, ಗುಂಯ್ ಇದ್ದಾಗ ನಿಮ್ಮ ಬಾರಿಸೂದು ಸ್ವಲ್ಪ ಮುಚ್ಚಿ ಹೋಗ್ತಿತ್ತು ನೋಡ್ರಿ.”

“ಐಟಂ ಪಕ್ಕಾ ಅಂದಿದ್ರಿ ಸರ್.”

“ಅಂದಿದ್ದೆರಿ” ಎಂದು ಅವರು ಚಪ್ಪಲಿ ಹುಡುಕಿದರು.

ಈಗ ಶಾಲೆಯ ಅರ್ಥಿಂಗಿಗೂ ನಾನೇ ನೀರು ಹಾಕುತ್ತಿದ್ದೇನೆ. ವಾಲ್ವು, ವೈರು, ಟ್ಯೂಬ್‌ಲೈಟು, ನೆಲ ಎಲ್ಲದರ ಪರೀಕ್ಷೆ ಮುಗಿದಿದೆ. ಸಂಶಯಕ್ಕೆ ಉಳಿದಿರುವವಳು ಗಿಟಾರ್ ಹಿಡಿದವಳೊಬ್ಬಳೇ. ಆ ಭಾಗಕ್ಕೆ ಸ್ಪೇರ್ ಸಿಗುವುದಿಲ್ಲ. ಸಿಕ್ಕರೂ ನಾನು ಹಾಕಿಸುವುದಿಲ್ಲ.