ಉರಿಬಿಸಿಲಲ್ಲಿ ದಾಕಿನ ಪೆಟ್ಟಿಗೆ ಹೊತ್ತು

ಬಿಸಿಲಲ್ಲಿ ನಡೆಯುವವನಿಗೆ ಬುದ್ಧಿ ಹೇಳದವರು ಕೊಳ್ಳೇಗಾಲದ ಸುತ್ತಮುತ್ತ ಒಬ್ಬರೂ ಇರಲಿಲ್ಲ. ಹೊತ್ತು ಹುಟ್ಟುವ ಮುಂಚೆ ಹೊರಡು, ತಲೆಗೆ ವಸ್ತ್ರ ಕಟ್ಟು, ನೀರು ಮರೆಯಬೇಡ, ಒಬ್ಬನೇ ಹೋಗಬೇಡ. ನಾನು ಇದನ್ನೆಲ್ಲ ಆದಷ್ಟೂ ಪಾಲಿಸಿದವನು. ಪಾಲಿಸಿದಾಗಲೆಲ್ಲ ಏನಾದರೊಂದು ಎಡವಟ್ಟಾಗುತ್ತಲೇ ಬಂತು.

ಸಿಡುಬಿಗೆ ದಾಕು, ಎಂದರೆ ಲಸಿಕೆ, ಹಾಕುವುದು ನನ್ನ ಕೆಲಸ. ಕೊಳ್ಳೇಗಾಲ ಇನ್ನೂ ಮದರಾಸು ಸೀಮೆಯಲ್ಲಿದ್ದ ಕಾಲ ಅದು. ಸಿಡುಬು ಜೋರಾಗುವುದು ಬೇಸಿಗೆಯಲ್ಲಿ, ಹಾಗಾಗಿ ನಾವು ಹಳ್ಳಿ ಹಳ್ಳಿ ಅಲೆಯುವುದೂ ಬೇಸಿಗೆಯಲ್ಲೇ. ಜೊತೆಗೊಬ್ಬ ಜವಾನ. ನನಗಿಂತ ಹತ್ತು ವರ್ಷ ದೊಡ್ಡವನು. ಈ ಲೋಕದಲ್ಲಿ ಯಾವುದಾದರೂ ಸರಿಹೋದೀತು ಎಂಬ ನಂಬಿಕೆ ಅವನಿಗೆ ನನಗಿಂತಲೂ ಕಡಿಮೆ.

ತಂಪು ಹೊತ್ತು

ಒಂದು ಸಲ ಮಟಮಟ ಮಧ್ಯಾಹ್ನ ನಡೆದು ಬಂದು ವಾಂತಿ ಮಾಡಿಕೊಂಡು ಎರಡು ದಿನ ಮಲಗಿದ್ದೆ. ಅದಕ್ಕೇ ಧನಗೆರೆಗೆ ಹೋಗಬೇಕಾದಾಗ ಕೋಳಿ ಕೂಗುವ ಹೊತ್ತಿಗೇ ಹೊರಟೆವು. ತಂಗಾಳಿಯಲ್ಲಿ ಹಾಯಾಗಿ ನಡೆದು, ಎಳೆ ಬಿಸಿಲು ಬೀಳುವಾಗ ಊರು ಸೇರಿದೆವು. ನನಗೋ ಹೆಮ್ಮೆ.

ಊರಲ್ಲಿ ಜನವೇ ಇಲ್ಲ. ಜಗಲಿಯ ಮೇಲೆ ಊರ ಯಜಮಾನರೊಬ್ಬರು ಎಲೆ ಅಡಿಕೆ ಹಾಕುತ್ತ ಕೂತಿದ್ದರು.

"ಎಲ್ಲರೂ ಎಲ್ಲಿ ಹೋದರು ಯಜಮಾನರೇ?"

"ಒಲಕ್ಕೋಗವ್ರೆ ಸಾ. ಇನ್ ಮದ್ಯಾನ್ಕೇ ಬರಾದು."

ಕಾದೆವು. ಜನ ಬಂದಾಗ ನೆಲ ಕಾದ ಹೆಂಚಾಗಿತ್ತು. ದಾಕು ಹಾಕಿ ಮುಗಿಸಿ, ಸುಡುಬಿಸಿಲಲ್ಲಿ ವಾಪಸು ಹೊರಡುವಾಗ ನನಗೆ ಅಳು ಬರುವುದೊಂದು ಬಾಕಿ. "ತಂಪು ಹೊತ್ತಿನಲ್ಲಿ ಒಬ್ಬರಾದರೂ ಊರಲ್ಲಿ ಇರಬಾರದಿತ್ತೇ?" ಅಂದೆ.

ಯಜಮಾನರು ಎಲೆ ಅಡಿಕೆ ಉಗಿದು ಅಂದರು: "ಬಿಸ್ಲಲ್ಲಿ ಗೇಯಬಾರ್ದು ಅನ್ನೋ ಬುದ್ದಿ ನಿಮಗೊಬ್ರಿಗೇ ಇರಾದಾ ಸಾ?"

ಕೊಡೆ ಯಾರಿಗೆ?

ಇನ್ನೊಂದು ಸಲ ಹನೂರಿನಿಂದ ಅಜ್ಜೀಪುರಕ್ಕೆ ನಡೆದಿದ್ದೆವು. ದಾಕಿನ ಔಷಧಿ ಬಿಸಿಲಿಗೆ ಕೆಟ್ಟುಹೋಗುತ್ತದೆ, ಅದರ ಪೆಟ್ಟಿಗೆಗೆ ಒದ್ದೆ ಬಟ್ಟೆ ಸುತ್ತಿರಬೇಕು. ಕುಡಿಯುವುದಕ್ಕೆಂದು ಸೋರೆಬುರುಡೆ ತುಂಬ ನೀರನ್ನು ನಾನೇ ತುಂಬಿಸಿದ್ದೆ. ಅರ್ಧ ದಾರಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಕೈ ಚಾಚಿದೆ. ಜವಾನ ಬುರುಡೆಯನ್ನು ತಲೆಕೆಳಗೆ ಮಾಡಿ ತೋರಿಸಿದ.

"ನೀರೆಲ್ಲಯ್ಯಾ?"

"ಬಟ್ಟೆ ಒಣಗ್ತಿತ್ತು ಸಾ. ಉಯ್ದೆ."

"ಅಷ್ಟೂ?"

"ಮೂರ್ ಸಲ ಒಣಗ್ತು."

ತಿರುಗಿ ನೋಡಿದರೆ ನನ್ನ ಕೊಡೆಯನ್ನೂ ಅವನು ಪೆಟ್ಟಿಗೆಗೇ ಹಿಡಿದಿದ್ದಾನೆ. ನನಗೆ ಕಣ್ಣು ಕತ್ತಲೆ ಬರುತ್ತಿತ್ತು. "ಅದನ್ನಾದರೂ ಕೊಡೋ, ಸಾಯ್ತೀನಿ" ಅಂದೆ.

ಅವನು ಕೊಡೆಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ. "ನಿಮಗೇನಾರ ಆದ್ರೆ ರಜ ಕೊಡ್ತಾರೆ ಸಾ. ಇದಕ್ಕೇನಾರ ಆದ್ರೆ ಇಬ್ರನ್ನೂ ನಿಲ್ಸಿ ಯಾಕಾಯ್ತು ಅಂತ ಕೇಳ್ತಾರೆ."

ಔಷಧಿ ಅಜ್ಜೀಪುರವನ್ನು ತಣ್ಣಗೆ ತಲುಪಿತು. ಅದರ ಹಿಂದೆ, ಅವನ ಹೆಗಲು ಹಿಡಿದುಕೊಂಡು, ನಾನು.

ಅಗರದಲ್ಲಿ ಒಂದು ಚೊಂಬು ನೀರು

ಯಳಂದೂರು ಮೈಸೂರು ಸೀಮೆ, ಅಲ್ಲಿ ನನಗೆ ಕೆಲಸವಿಲ್ಲ. ಆದರೆ ಹತ್ತಿರದ ಅಗರಕ್ಕೆ ನನ್ನ ತಂಗಿಯನ್ನು ಕೊಟ್ಟಿತ್ತು. ರಜೆಯ ದಿನ ಅವಳನ್ನು ನೋಡಿಬರೋಣವೆಂದು ಒಬ್ಬನೇ ಹೊರಟೆ. ಇದ್ದ ನೀರು ನಡುದಾರಿಯಲ್ಲೇ ಮುಗಿಯಿತು. ಹೊಳೆಯಲ್ಲಿ ಬರೀ ಮರಳು, ಕಾಲಿಟ್ಟರೆ ಬೊಬ್ಬೆ ಏಳುತ್ತಿತ್ತು.

ಅಗರದ ಮೊದಲ ಮನೆಯಲ್ಲಿ ನೀರು ಕೇಳೋಣವೆಂದು ಹೋದೆ. ಹೆಂಗಸೊಬ್ಬಳು ನನ್ನ ಖಾಕಿ ಕೋಟು ನೋಡಿದಳು. "ಅಯ್ಯಯ್ಯಪ್ಪಾ, ದಾಕ್ನೋನು ಬಂದ ಕಣ್ರವ್ವಾ!" ಅಂತ ಕೂಗಿ ಬಾಗಿಲು ಹಾಕಿದಳು. ಆಮೇಲೆ ಬೀದಿಯುದ್ದಕ್ಕೂ ದಡಬಡ ಬಾಗಿಲು ಹಾಕುವ ಸದ್ದು. "ನೀರು, ಬರೀ ನೀರು" ಅಂತ ಒಣ ಗಂಟಲಲ್ಲಿ ಕೂಗುತ್ತ ನಡೆದೆ. ಒಳಗಿನಿಂದ ಮಕ್ಕಳ ಅಳು ಬಿಟ್ಟರೆ ಬೇರೆ ಉತ್ತರವಿಲ್ಲ.

ಕೊನೆಗೆ ತಂಗಿಯ ಮನೆ. ಅದರ ಬಾಗಿಲೂ ಹಾಕಿತ್ತು. ಬಾಗಿಲಿಗೆ ಒರಗಿ ಕುಸಿದು ಕೂತೆ. "ನಾನು ಕಣಮ್ಮಾ, ನಿಮ್ಮಣ್ಣ" ಅಂದೆ.

ಒಳಗಿನಿಂದ ತಂಗಿಯ ದನಿ ಬಂತು: "ಒಬ್ನೇ ಬಂದಿದ್ದೀಯಾ ಅಣ್ಣ, ಇಲ್ಲಾ ಸೂಜಿನೂ ತಂದಿದ್ದೀಯಾ?"

ಸರ್ಕಾರದ ಕಾಗದ

ಆ ಬೇಸಿಗೆಯಲ್ಲಿ ಹನೂರಿನ ದಾರಿಯಲ್ಲಿ ದಾರಿಹೋಕನೊಬ್ಬ ಬಿಸಿಲಿಗೆ ಬಿದ್ದವನು ಮತ್ತೆ ಏಳಲಿಲ್ಲ. ಆಗ ಮೇಲಿನವರಿಗೆ ಎಚ್ಚರವಾಯಿತು. ಬಿಸಿಲಲ್ಲಿ ನಡೆಯುವವರು ಹೇಗಿರಬೇಕೆಂದು ಒಂದು ಕಾಗದ ಬಂತು. ಮಧ್ಯಾಹ್ನದ ಬಿಸಿಲಲ್ಲಿ ಯಾರೂ ಹೊರಗೆ ಓಡಾಡಕೂಡದು ಎಂಬುದು ಅದರ ಮೊದಲ ಸಾಲು. ಊರವರೆಲ್ಲ ಮನೆಯಲ್ಲಿರುವ ಹೊತ್ತು ನೋಡಿ, ಹಳ್ಳಿ ಹಳ್ಳಿಗೂ ನಡೆದು ಹೋಗಿ ಓದಿ ಹೇಳತಕ್ಕದ್ದು ಎಂಬುದು ನನಗೆ ಬಂದ ಆಜ್ಞೆ. ಅಂದರೆ ಮಧ್ಯಾಹ್ನವೇ.

ಹನೂರಿನ ಆಚೆ ಒಂದು ಹಳ್ಳಿ. ಬೇವಿನ ಮರದ ನೆರಳಲ್ಲಿ ಜನ ತುಂಬಿಕೊಂಡರು, ನನಗೆ ಉಳಿದದ್ದು ಬಿಸಿಲು. ನಿಂತು ಓದತೊಡಗಿದೆ. ಅಕ್ಷರಗಳು ಇರುವೆಗಳ ಹಾಗೆ ಹರಿದಾಡತೊಡಗಿದವು. ಬೆವರು ನಿಂತುಹೋಗಿ ಮೈಯೆಲ್ಲ ಕೆಂಡ. ಆದರೂ ಬಿಡದೆ, "ಬಿಸಿಲಿನ ಹೊಡೆತಕ್ಕೆ ಯಾರಾದರೂ ಪ್ರಜ್ಞೆ ತಪ್ಪಿ ಬಿದ್ದಲ್ಲಿ, ನೋಡಿದವರು ಕೂಡಲೇ..." ಎಂಬಲ್ಲಿಯವರೆಗೆ ಓದಿದ್ದು ನೆನಪಿದೆ.

ಕಣ್ಣು ಬಿಟ್ಟಾಗ ಬಿದ್ದಲ್ಲೇ, ಬಿಸಿಲಲ್ಲೇ ಇದ್ದೇನೆ. ಸುತ್ತ ಇಡೀ ಊರು ಗಂಭೀರವಾಗಿ ನಿಂತಿದೆ. ಮುದುಕಿಯೊಬ್ಬಳು ಮಜ್ಜಿಗೆ ಚೊಂಬು ಹಿಡಿದಿದ್ದಾಳೆ, ಊರ ಯಜಮಾನ ಅವಳ ಕೈ ತಡೆದಿದ್ದಾನೆ. ನನ್ನ ಜವಾನ ಪೆಟ್ಟಿಗೆಗೆ ಕೊಡೆ ಹಿಡಿದು ನಿಂತಿದ್ದಾನೆ.

"ಸಾಯೋ ಹಾಗಿದ್ದೆನಲ್ಲಪ್ಪಾ" ಅಂದೆ, ಇದ್ದಬದ್ದ ಉಸಿರೆಲ್ಲ ಕೂಡಿಸಿ. "ನೆರಳಿಗೆ ಎತ್ತಿ ಹಾಕಬಾರದಿತ್ತೇ?"

ಯಜಮಾನ ಕಾಗದವನ್ನು ಎರಡೂ ಕೈಯಲ್ಲಿ ಭಯಭಕ್ತಿಯಿಂದ ನನ್ನ ಮುಂದೆ ಹಿಡಿದ. "ಸರ್ಕಾರದ್ ಕಾಗ್ದ ಸಾ. 'ಕೂಡ್ಲೇ' ಅಂದ್ಬುಟ್ಟು ಬಿದ್ದೋದ್ರಿ. ಕೂಡ್ಲೇ ಏನ್ ಮಾಡ್ಬೇಕೋ ನಮಗೇನ್ ಗೊತ್ತು? ನೀವೆದ್ದು ಓದ್ಲಿ ಅಂತ ಎಲ್ಲಾರೂ ಕಾಯ್ತಾ ಇದ್ದೀವಿ."