ಮಗಳ ಭತ್ಯೆಯೂ ಆದಾಯವೇ

ಮನೆ ಬಾಡಿಗೆಗೆ ಕೊಡುವ ಕಚೇರಿಯಲ್ಲಿ ಕೂತವನಿಗೆ ಹಟ ಇರಬಾರದು. ನನಗೆ ಅದು ಹುಟ್ಟಿನಿಂದಲೇ ಇದೆ. "ನೀವು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂದು ಹೆಂಡತಿ ಮೂದಲಿಸುತ್ತಾಳೆ. ಹಿಡಿದವನು ನಾನು, ಎಣಿಸಿದವನೂ ನಾನೇ ಎಂಬುದು ನನ್ನ ಉತ್ತರ.

ಗಲ್ಫಿನಲ್ಲಿ, ಅಲ್ ಕುಸೈಸಿನ ನಮ್ಮ ಕಚೇರಿಗೆ ಒಂದು ದಿನ ಪ್ರೆಸಿಲ್ಲಾ ಬಾಯಿ ಬಂದರು. ಕುಂದಾಪುರದ ಕಡೆಯ ನರ್ಸು, ಗಂಡ ತೀರಿಕೊಂಡಿದ್ದಾರೆ. ಜೊತೆಗೆ ಗಾಲಿಕುರ್ಚಿಯಲ್ಲಿ ಒಂಬತ್ತು ವರ್ಷದ ಮಗಳು ಲಿಷಾ. ಅವಳ ಶಾಲೆ, ಫಿಸಿಯೋಥೆರಪಿ ಎರಡೂ ನಮ್ಮ ಕಟ್ಟಡದ ಬೀದಿಯಲ್ಲೇ. ಅಲ್ಲಿ ಖಾಲಿಯಿದ್ದ ಮನೆ ಕೇಳಲು ಬಂದಿದ್ದರು; ಅದು ತಪ್ಪಿದರೆ ಬಾಡಿಗೆ ಕಡಿಮೆಯಿರುವ ಶಾರ್ಜಾಕ್ಕೆ ಹೋಗಬೇಕು. ಅಲ್ಲಿಂದ ಆ ಟ್ರಾಫಿಕ್ಕಿನಲ್ಲಿ ಮಗು ದಿನಾ ಶಾಲೆಗೆ ಬರುವುದು ಆಗದ ಮಾತು. ಬಾಡಿಗೆಗೆ ತಕ್ಕಷ್ಟು ಆದಾಯ ಇರಲೇಬೇಕೆಂಬ ನಮ್ಮ ನಿಯಮಕ್ಕೆ ತಾಯಿಯ ಸಂಬಳವೊಂದೇ ಸಾಲದು. ಮಗಳ ಅಂಗವೈಕಲ್ಯಕ್ಕೆಂದು ತಾಯಿ ಕೆಲಸ ಮಾಡುವ ಆಸ್ಪತ್ರೆಯವರು ತಿಂಗಳು ತಿಂಗಳು ಕೊಡುವ ಭತ್ಯೆ ಸೇರಿಸಿದರೆ ಸಾಕಾಗುತ್ತಿತ್ತು.

ನಮ್ಮ ಮ್ಯಾನೇಜರ್ ಹಮೀದ್ ಸಾಹೇಬರು ಬಂಟ್ವಾಳದವರು, ದೇವರಿಗೆ ಹೆದರುವ ಮನುಷ್ಯ. "ಅದು ಮಗುವಿನ ದುಡ್ಡು ಮಾರಾಯ. ಬಾಡಿಗೆಯ ಲೆಕ್ಕಕ್ಕೆ ಹಿಡಿದ್ರೆ ಪಾಪ. ಖಲಾಸ್" ಎಂದರು.

"ಮಗು ಮಲಗುವುದೆಲ್ಲಿ ಸಾಹೇಬ್ರೇ, ಮೆಟ್ರೋ ಸ್ಟೇಷನ್ನಲ್ಲಾ? ಮನೆ ಅವಳಿಗೂ ಅಲ್ವಾ? ಮೊನ್ನೆ ಒಬ್ಬರ ಕಾರಿನ ಭತ್ಯೆಯನ್ನೂ ಆದಾಯಕ್ಕೆ ಸೇರಿಸಿದ್ರಿ. ಅವರು ಇಲ್ಲಿಗೆ ಬಂದದ್ದು ಬಸ್ಸಲ್ಲಿ!"

ಗಲ್ಫಿನ ಸಂಬಳವೇ ಹಾಗೆ: ಮೂಲ ವೇತನ ಚಿಟಿಕೆಯಷ್ಟು, ಉಳಿದದ್ದೆಲ್ಲ ಭತ್ಯೆ. ನನ್ನ ಮಾವ ನನ್ನ ವಿಮಾನದ ಟಿಕೆಟ್ಟನ್ನೂ ಸಂಬಳಕ್ಕೆ ಸೇರಿಸಿಕೊಂಡೇ ಹೆಣ್ಣು ಕೊಟ್ಟದ್ದು. ಯಾರದೋ ಇಲ್ಲದ ಕಾರು ಆದಾಯವಾಗಬಹುದು, ಕಣ್ಣೆದುರಿಗಿರುವ ಮಗುವಿನದು ಆಗಬಾರದೇ? ನನಗೆ ಸಿಟ್ಟೇ ಬಂತು. ಚಹಾ ಕುಡಿಯುವಾಗ, ಪಾರ್ಕಿಂಗಿನಲ್ಲಿ, ಕೊನೆಗೆ ಅವರು ನಮಾಜು ಮುಗಿಸಿ ಚಪ್ಪಲಿ ಹಾಕಿಕೊಳ್ಳುವಾಗಲೂ ಅದೇ ರಾಗ ತೆಗೆದೆ.

"ಎಂತ ಉಪದ್ರ ಮಾರಾಯ ನಿಂದು! ಸೇರಿಸು, ಯಲ್ಲಾ, ನಡಿ ಬೇಗ!" ಎಂದರು ಸಾಹೇಬರು.

ಕೀಲಿ ಕೊಡುವಾಗ ಪ್ರೆಸಿಲ್ಲಾ ಬಾಯಿ ಕಣ್ಣೊರೆಸಿಕೊಂಡರು. ಲಿಷಾ ಮಾತ್ರ ಕೈ ಚಾಚಿದಳು. "ಅಂಕಲ್, ಮೈ ಮನಿ ಕೂಡ ಕೌಂಟ್ ಮಾಡಿದ್ರಲ್ವಾ? ಹಾಗಾದ್ರೆ ಕೀ ನಂಗೆ ಕೊಡಿ."

ಕೊಟ್ಟೆ. ಅಂದಿನಿಂದ ಎಸಿ ತಣ್ಣಗಾಗದಿದ್ದರೂ, ನಲ್ಲಿ ಸೋರಿದರೂ ಅವಳ ಫೋನು ನೇರ ನನಗೇ. ಸಾಹೇಬರಿಗೆ ಹೇಳಿದರೆ, "ನಿನ್ನ ಟೆನೆಂಟ್, ನೀನೇ ನೋಡು" ಎಂದು ನಗುತ್ತಾರೆ. ಮೊನ್ನೆ ಬೆಳಿಗ್ಗೆ ಲಿಫ್ಟ್ ಕೈಕೊಟ್ಟಿತು. ಸ್ವಲ್ಪ ಅಡ್ಜಸ್ಟ್ ಮಾಡಿಕೋ ಪುಟ್ಟಿ, ನಾಳೆ ಸರಿಯಾಗುತ್ತದೆ ಎಂದೆ.

"ನಾಳೆ ಅಲ್ಲ ಅಂಕಲ್, ಟುಡೇ. ನಂಗೆ ಸ್ಕೂಲ್ ಉಂಟು."

ಮ್ಯಾನೇಜರನ್ನೇ ಬಗ್ಗಿಸಿದ ನಾನು, ಎರಡು ಮಾತಾಡದೆ ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಓಡಿದೆ.