ಹನ್ನೆರಡು ವರಹದ ವಾದ

ನನ್ನ ಮದುವೆಯ ಮಾತುಕತೆ ಮುರಿಯುವ ಹಂತಕ್ಕೆ ಬಂದದ್ದು ಒಂದು ರೂಪಾಯಿಯ ಆಸೆಗೆ ಎಂದು ಹಿರಿಯೂರಿನಿಂದ ಹೊಸದುರ್ಗದವರೆಗೆ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಪ್ಪದಿರುವುದೇ ನನ್ನ ಸ್ವಭಾವ ಎನ್ನುವವರಿದ್ದಾರೆ, ಅದನ್ನೂ ಒಪ್ಪುವುದಿಲ್ಲ. ಚಿತ್ರದುರ್ಗದ ಶಾಲೆಯ ಚರ್ಚಾಕೂಟದಲ್ಲಿ ಮೂರು ವರ್ಷ ಪಳಗಿದವನು ನಾನು. ‘ಹಗಲು ಮೇಲೋ ಇರುಳು ಮೇಲೋ’ ಎಂಬ ವಿಷಯಕ್ಕೆ ಒಂದು ವಾರ ಹಗಲಿನ ಪರ, ಮರುವಾರ ಇರುಳಿನ ಪರ ಮಾತಾಡಿ ಎರಡು ಸಲವೂ ಗೆದ್ದಿದ್ದೆ. ಅಂಥವನು ರೂಪಾಯಿಗೆ ಬಾಯಿ ಬಿಡುತ್ತಾನೆಯೆ? ನಾನು ಆಸೆಪಟ್ಟದ್ದು ಸತ್ಯಕ್ಕೆ. ಅವತ್ತು ಸತ್ಯದ ಬೆಲೆ ಒಂದು ರೂಪಾಯಿ ಆಗಿತ್ತು, ಅಷ್ಟೆ.

ನಮ್ಮ ಕುರಿ ಸಾಕುವ ಮನೆತನಗಳಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ತೆರ ಕೊಡಬೇಕು. ತೆರ ಹನ್ನೆರಡು ವರಹ. ಮುತ್ತಾತನ ಕಾಲಕ್ಕೂ ಹನ್ನೆರಡೇ, ನನ್ನ ಕಾಲಕ್ಕೂ ಹನ್ನೆರಡೇ. ಆದರೆ ವರಹ ಎಲ್ಲಿದೆ? ಅದು ಹೋಗಿ ಕಂಪನಿಯ ರೂಪಾಯಿ ಬಂತು, ಅದರ ಹಿಂದೆ ರಾಣಿಯ ರೂಪಾಯಿ ಬಂತು, ಈಗ ಅಚ್ಚಿನಲ್ಲಿ ಕಿರೀಟವಿಲ್ಲದ ರಾಜನ ರೂಪಾಯಿ. ನಮ್ಮವರಿಗೆ ಮಾತ್ರ ಇನ್ನೂ ಬಾಯಲ್ಲಿ ವರಹ, ಕೈಯಲ್ಲಿ ರೂಪಾಯಿ. ಎರಡಕ್ಕೂ ನಡುವೆ ಹಿರಿಯರು ಕಟ್ಟಿದ ಸೇತುವೆ ಒಂದೇ: ವರಹಕ್ಕೆ ಮೂರು ರೂಪಾಯಿ. ಹನ್ನೆರಡಕ್ಕೆ ಮೂವತ್ತಾರು. ಈ ಮೂರು ಎಲ್ಲಿಂದ ಬಂತು ಎಂದು ಕೇಳಿದವರು ನನಗಿಂತ ಮುಂಚೆ ಯಾರೂ ಇರಲಿಲ್ಲ. ಹಳೆಯ ಮೈಸೂರಿನ ನಾಣ್ಯ ಕಂಠೀರಾಯಿ ಹಣವೊಂದಕ್ಕೆ ನಾಲ್ಕಾಣೆ ಎಂಟು ಪೈ. ಹನ್ನೆರಡು ಪೈಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ, ಹತ್ತು ಹಣಕ್ಕೆ ಒಂದು ವರಹ. ಅಂದರೆ ಎರಡು ರೂಪಾಯಿ ಹದಿನಾಲ್ಕಾಣೆ ಎಂಟು ಪೈ. ಹನ್ನೆರಡರಿಂದ ಗುಣಿಸಿ ನೋಡಿ, ಸರಿಯಾಗಿ ಮೂವತ್ತೈದು ರೂಪಾಯಿ! ಪೈಗಳೆಲ್ಲ ಆಣೆಯೊಳಗೆ, ಆಣೆಗಳೆಲ್ಲ ರೂಪಾಯಿಯೊಳಗೆ ಕುರಿ ಹಟ್ಟಿಗೆ ಸೇರಿದ ಹಾಗೆ ಸೇರಿಕೊಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಇಂಥ ಲೆಕ್ಕವನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರಲು ನಾನೇನು ಋಷಿಯೆ?

ಆದರೂ ಸುಮ್ಮನಿರಬೇಕಿತ್ತು. ಏಕೆಂದರೆ ಆ ಹುಡುಗಿ ನನಗೆ ಬೇಕಾಗಿದ್ದಳು. ಮಾಡದಕೆರೆಯ ಕೆಂಚಮ್ಮನನ್ನು ನಾನು ನೋಡಿದ್ದು ಒಂದೇ ಸಲ, ಹಿರಿಯೂರಿನ ಬಳಿ ವೇದಾವತಿಯಲ್ಲಿ ಅವರ ಮನೆಯವರು ಕುರಿ ತೊಳೆಯಲು ಬಂದಿದ್ದಾಗ. ಹಾಯಲು ಬಂದ ಟಗರೊಂದಕ್ಕೆ ಅವಳು ಬೈದಳು. ಆ ಬೈಗುಳದಲ್ಲಿ ಪೀಠಿಕೆ ಇತ್ತು, ಮೂರು ಕಾರಣಗಳಿದ್ದವು, ತೀರ್ಮಾನವಿತ್ತು. ಟಗರು ಸೋತು ಹಿಂದೆ ಸರಿಯಿತು. ಮದುವೆಯಾದರೆ ಇವಳನ್ನೇ ಎಂದುಕೊಂಡೆ.

ಮಾತುಕತೆಯ ದಿನ ಅವರ ಪಡಸಾಲೆಯಲ್ಲಿ ಕಂಬಳಿ ಹಾಸಿ ಕುಳಿತೆವು. ಎದುರಿಗೆ ಕುಲದ ಯಜಮಾನರು, ಕೆಂಚಮ್ಮನ ಸೋದರಮಾವ, ಒಳಬಾಗಿಲಿಗೆ ಒರಗಿಕೊಂಡು ಅವಳ ಅಜ್ಜಿ ಮಾಳಜ್ಜಿ. ಬಾಗಿಲು ಅರ್ಧ ತೆರೆದಿತ್ತು. ಹಿಂದಿನಿಂದ ಆಗಾಗ ಬಳೆಯ ಸದ್ದು. ಹಿರಿಯೂರು ಸಂತೆಯಲ್ಲಿ ಕಂಬಳಿ ಮಾರಿ ಕೂಡಿಟ್ಟಿದ್ದ ಮೂವತ್ತಾರು ರೂಪಾಯಿಯನ್ನು ನಮ್ಮಪ್ಪ ಹಿತ್ತಾಳೆ ತಟ್ಟೆಯಲ್ಲಿ ಇಟ್ಟ. ನಾನು ಗಂಟಲು ಸರಿಮಾಡಿಕೊಂಡೆ.

“ಲೇ, ಸುಮ್ಕಿರಲೇ,” ಎಂದು ಅಪ್ಪ ಪಿಸುಗುಟ್ಟಿದ. ನನ್ನ ಗಂಟಲಿನ ಗುರುತು ಅವನಿಗಿತ್ತು.

“ಮಾನ್ಯ ಅಧ್ಯಕ್ಷರೇ,” ಎಂದೆ. ಅಧ್ಯಕ್ಷರು ಯಾರೆಂದು ಯಜಮಾನರು ಹಿಂದೆ ತಿರುಗಿ ನೋಡಿದರು. “ವರಹಕ್ಕೆ ಮೂರು ರೂಪಾಯಿ ಎನ್ನುವುದಕ್ಕೆ ಆಧಾರವೇನು?”

“ಆಧಾರ ಏನಪ್ಪ? ನಮ್ಮಪ್ಪ ಕೊಟ್ಟಿದ್ದ, ಅದೇ ಆಧಾರ,” ಎಂದರು ಯಜಮಾನರು.

ನಾನು ಹಣ, ಆಣೆ, ಪೈಗಳನ್ನೆಲ್ಲ ಬಿಡಿಸಿ ಹೇಳಿ ಮೂವತ್ತೈದಕ್ಕೆ ತಂದು ನಿಲ್ಲಿಸಿದೆ. ಸೋದರಮಾವ ಎದ್ದೇಬಿಟ್ಟ. “ಏನಪ್ಪ, ಒಂದ್ರುಪಾಯಿಗೆ ನಮ್ಮ ಹುಡುಗೀನ ಚೌಕಾಸಿ ಮಾಡಾಕೆ ಬಂದ್ಯಾ? ಸಾಕು, ಎತ್ಕಳ್ರಿ ತಟ್ಟೆ!” ಅಪ್ಪ ನನ್ನ ತೊಡೆ ಚಿವುಟಿದ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಚರ್ಚಾಕೂಟದಲ್ಲಿ ಕಲಿತವನು ಗಂಟೆ ಹೊಡೆಯುವವರೆಗೆ ಕೂರುವುದಿಲ್ಲ. ಮಾಡದಕೆರೆಯ ಪಡಸಾಲೆಯಲ್ಲಿ ಗಂಟೆಯೇ ಇರಲಿಲ್ಲ.

ಮಾಡದಕೆರೆಯಿಂದ ನೇರವಾಗಿ ಇಂಗ್ಲೆಂಡಿಗೆ ಹಾರಿದೆ. ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಗಾಡಿ ಕಾಯುವಾಗ ಯಾರೋ ಬಿಟ್ಟುಹೋದ ಪತ್ರಿಕೆಯಲ್ಲಿ ಓದಿದ್ದನ್ನೆಲ್ಲ ಸುರಿದೆ. “ಹಿಂದೆ ಇಂಗ್ಲೆಂಡಿನ ಒಂದು ಸವರನ್ ನಾಣ್ಯಕ್ಕೆ ಹತ್ತು ರೂಪಾಯಿ ಇತ್ತು. ಈಗ ಹದಿನೈದು! ಏಕೆ? ಬೆಳ್ಳಿ ಇಳಿಯಿತು, ಚಿನ್ನ ಏರಿತು. ಲೋಕದಲ್ಲಿ ಯಾವ ನಾಣ್ಯದ ಬೆಲೆಯೂ ನಿಂತಲ್ಲಿ ನಿಲ್ಲುವುದಿಲ್ಲ. ನಿಮ್ಮ ಮೂರು ರೂಪಾಯಿ ಮಾತ್ರ ಹೇಗೆ ನಿಂತಿತು?” ಕೈ ಎತ್ತಿದ ಹಾಗೇ ಚಪ್ಪಾಳೆಗೆ ಕಾದೆ.

ಮಾಳಜ್ಜಿ ಬಾಗಿಲ ಕಡೆ ಸ್ವಲ್ಪ ವಾಲಿ, ಕಿವಿ ಕೆರೆದುಕೊಂಡಳು. “ಕುಂತ್ಕ ಮಗ. ಸವರನ್ನು ಯಾತರದ್ದು?”

“ಚಿನ್ನದ್ದು, ಅಜ್ಜಿ.”

“ರೂಪಾಯಿ?”

“ಬೆಳ್ಳಿಯದು.”

ಅವಳು ಎಲೆಅಡಿಕೆಯ ಚೀಲಕ್ಕೆ ಕೈಹಾಕಿ ತೊಗರಿಬೇಳೆಯಷ್ಟು ಸಣ್ಣದೊಂದನ್ನು ತೆಗೆದು ಅಂಗೈಮೇಲಿಟ್ಟಳು. ಕಂಠೀರಾಯಿ ಹಣ. ಅದರ ಲೆಕ್ಕವನ್ನು ಅಷ್ಟು ಹೊತ್ತು ಹೇಳಿದ ನಾನು ಅದನ್ನು ಕಂಡದ್ದು ಅದೇ ಮೊದಲು. “ಇದು ಯಾತರದ್ದು?”

“ಚಿನ್ನದ್ದು,” ಎಂದೆ. ಚಪ್ಪಾಳೆಗೆ ಎತ್ತಿದ್ದ ಕೈಯನ್ನು ಇಳಿಸಿಕೊಂಡೆ.

ಅಜ್ಜಿ ಇನ್ನೊಮ್ಮೆ ಬಾಗಿಲಿಗೆ ವಾಲಿದಳು. “ಹತ್ತಿದ್ದದ್ದು ಹದಿನೈದಾತು ಅಂತ ನೀನೇ ಅಂದ್ಯಲ್ಲಪ್ಪ. ಅಂದ್ರೆ ಒಂದೂವರೆ ಪಟ್ಟು. ವರಹಾನೂ ಚಿನ್ನದ್ದೇ ಐತೆ. ಹಂಗಾರೆ ನಿನ್ನ ಮೂವತ್ತೈದು...” ಬಳೆ ಸದ್ದಾಯಿತು. “...ಐವತ್ತೆರಡೂವರೆ ರೂಪಾಯಿ. ಮಡಗು!”

“ಅಯ್ಯೋ ಬ್ಯಾಡ್ರವ್ವಾ! ಮೂವತ್ತಾರೇ ಇರ್ಲಿ, ನಿಮ್ಮ ಕಾಲಿಗೆ ಬೀಳ್ತೀನಿ,” ಎಂದು ಅಪ್ಪ ತಟ್ಟೆಯನ್ನು ಎರಡೂ ಕೈಯಿಂದ ಮುಂದಕ್ಕೆ ತಳ್ಳಿದ. ಪಡಸಾಲೆ ನಕ್ಕಿತು, ಎದ್ದಿದ್ದ ಸೋದರಮಾವ ನಗುತ್ತಲೇ ಕುಳಿತ. ಯಜಮಾನರು ಮೀಸೆ ಒರೆಸಿಕೊಂಡು ತೀರ್ಪು ಕೊಟ್ಟರು: “ತೆರ ಮೂವತ್ತಾರು. ಹಿರೇರ ಮಾತು ಮೀರಿದ್ದಕ್ಕೆ ಹುಡುಗಂದು ಒಂದ್ರುಪಾಯಿ ತಪ್ಪುಗಾಣಿಕೆ.” ಹೀಗೆ ಮೂವತ್ತೈದು ಎಂದು ಹೊರಟ ಸತ್ಯ ಮೂವತ್ತೇಳಕ್ಕೆ ಮನೆ ಸೇರಿತು. ಹಿಂದಿರುಗುವಾಗ ಗಾಡಿಯಲ್ಲಿ ಅಪ್ಪ ಹೇಳಿದ್ದು ಒಂದೇ ಮಾತು: “ಇನ್ನೊಂದು ಸಲ ಬಾಯಿ ಬಿಟ್ರೆ ನಡ್ಕಂಡು ಬರ್ತೀಯ.”

ಮದುವೆಯಾಗಿ ನಾಲ್ಕು ವರ್ಷವಾಯಿತು. ಮಾಳಜ್ಜಿಗೆ ಇಪ್ಪತ್ತರ ಮೇಲೆ ಎಣಿಕೆ ಬಾರದು, ಕುರಿಯನ್ನು ಇಪ್ಪತ್ತರ ಗುಂಪು ಮಾಡಿಯೇ ಎಣಿಸುತ್ತಾಳೆ ಎಂಬುದು ನನಗೆ ಆಮೇಲೆ ತಿಳಿಯಿತು. ಮೊನ್ನೆ ಉಣ್ಣೆ ಕೊಳ್ಳಲು ಬಂದವನು ಬೆರಳು ಮಡಿಸುತ್ತಿರುವಾಗಲೇ ಕೆಂಚಮ್ಮ ಒಲೆಯ ಮುಂದಿನಿಂದ ಹಳೆಯ ಬೆಲೆಯ ಒಂದೂವರೆ ಪಟ್ಟು ಎಷ್ಟೆಂದು ಕೂಗಿ ಹೇಳಿದಳು. ನಿನ್ನೆ ಅವಳ ಪೆಟ್ಟಿಗೆಯಲ್ಲಿ ಒಂದು ಬಟ್ಟೆಯ ಗಂಟು ಸಿಕ್ಕಿತು: ಬೇಳೆಯಷ್ಟು ಚಿನ್ನದ ಹಣ, ಅದರ ಪಕ್ಕ ಕಿರೀಟವಿಲ್ಲದ ರಾಜನ ಒಂದು ರೂಪಾಯಿ. ನನ್ನ ತಪ್ಪುಗಾಣಿಕೆ! ಗಂಟನ್ನು ಅವಳ ಮುಂದಿಟ್ಟು ಕುಳಿತಿದ್ದೇನೆ. ಅವಳು ರಾಗಿ ಬೀಸುತ್ತಿದ್ದಾಳೆ. ಬೀಸುವ ಕಲ್ಲಿನ ಸದ್ದಿಗೆ ನನ್ನ ಮಾತು ಕೇಳಿಸುತ್ತಿಲ್ಲವಂತೆ. ನಿಮ್ಮೆಲ್ಲರ ಎದುರಿಗೇ ಕೇಳುತ್ತೇನೆ: ಕೆಂಚೀ, ಅವತ್ತು ಬಾಗಿಲ ಹಿಂದಿನಿಂದ ಅಜ್ಜಿಗೆ ಐವತ್ತೆರಡೂವರೆ ಎಂದವಳು ನೀನೇ ತಾನೆ? ಹಾಗೆಂದದ್ದು ನಾನು ಬೇಡವಾಗಿ ಓಡಿಸಲೆಂದೋ, ಬೇಕಾಗಿ ಬಾಯಿ ಮುಚ್ಚಿಸಲೆಂದೋ?